ಪಟ್ಟಾಭಿರಾಮರ ಕಾಗೆ ಯೋಗ

ಪಟ್ಟಾಭಿರಾಮರು ಕಾಗೆಯ ವಿಚಾರದಲ್ಲಿ ಹೆಸರು ಮಾಡಬೇಕೆಂದು ಎಂದೂ ಬಯಸಿದವರಲ್ಲ. ಅವರು ಬಯಸಿದ್ದು ರಾಜಹಕ್ಕಿಯನ್ನು. ಆದರೂ ಚಿಕ್ಕಬಾಣಾವರದ ನೌಕರರ ಬಡಾವಣೆಗೆ ಬಂದು ಯಾರಾದರೂ ‘ಪಟ್ಟಾಭಿರಾಮರ ಮನೆ ಎಲ್ಲಿ?’ ಎಂದು ವಿಚಾರಿಸಿದರೆ, ದಾರಿ ಹೇಳುವವರು ಮೊದಲು ಮುಖ ಸಣ್ಣದು ಮಾಡಿಕೊಂಡು ‘ಪಾಪ, ಯಾರ ತಿಥಿ?’ ಎಂದು ಕೇಳುತ್ತಾರೆ. ಒಬ್ಬ ಮರ್ಯಾದಸ್ಥ ನಿವೃತ್ತ ನೌಕರನಿಗೆ ಈ ಗತಿ ಹೇಗೆ ಬಂತು ಎಂಬುದನ್ನು ಯಾರಾದರೂ ಒಬ್ಬರು ಸರಿಯಾಗಿ ಬರೆದಿಡಬೇಕು. ಅವರು ಬರೆಯುವುದಿಲ್ಲ, ಅವರಿಗೆ ಸಂಕೋಚ.

ಮೂವತ್ತೊಂದು ವರ್ಷದ ಹಿಂದೆ, ಪೀಣ್ಯದಾಚೆಯ ಸರ್ಕಾರಿ ಯಂತ್ರ ಕಾರ್ಖಾನೆ ಇನ್ನೂ ಉಸಿರಾಡುತ್ತಿದ್ದ ಕಾಲ. ಪಟ್ಟಾಭಿರಾಮರು ಅಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಬೇರಿಂಗುಗಳನ್ನು ಅಳೆದು ಸರಿಯಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆ ಇಡುವುದು ಅವರ ಕೆಲಸ. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ತಲೆಯೆತ್ತಿದರೆ, ಕಿಟಕಿಯಾಚೆ ಕ್ವಾರ್ಟರ್ಸಿನ ಬಿದಿರು ಮೆಳೆಯಿಂದ ಒಂದು ಹಕ್ಕಿ ಹೊರಬಂತು. ಮಿರಮಿರ ಕಪ್ಪು ತಲೆ, ತಲೆಯ ಮೇಲೊಂದು ಜುಟ್ಟು, ಮೈಯೆಲ್ಲ ಹಾಲಿನ ಬಿಳುಪು. ಹಿಂದೆ ಮೊಳದುದ್ದದ ಎರಡು ಬಿಳಿ ಪಟ್ಟಿಗಳ ಬಾಲ. ಈ ಕೊಂಬೆಯಿಂದ ಆ ಕೊಂಬೆಗೆ ಹೋಗುವಷ್ಟರಲ್ಲಿ ಆ ಬಾಲ ಗಾಳಿಯಲ್ಲಿ ಎರಡು ಸಲ ಬಳುಕಿತು. ಪಟ್ಟಾಭಿರಾಮರ ಕೈಯಲ್ಲಿದ್ದ ಬೇರಿಂಗು ಜಾರಿ ಮೇಜಿನಡಿಗೆ ಉರುಳಿತು. ಅದನ್ನು ಹುಡುಕಿ ತೆಗೆದು ಮತ್ತೆ ನೋಡಿದಾಗ ಕಿಟಕಿಯಲ್ಲಿ ಬಿದಿರು ಮಾತ್ರ ಇತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರು ಇದನ್ನು ಹೇಳಿದರು. ಹೇಳಬಾರದಿತ್ತು. ಎದುರಿಗೆ ಕೂತಿದ್ದವನು ಫಿಟ್ಟರ್ ನೀಲಪ್ಪ. ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿ, “ಎಷ್ಟುದ್ದ ಬಾಲ ಅಂದೆ?” ಎಂದ.

“ಒಂದು ಮೊಳ.”

“ಹಕ್ಕಿ?”

“ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು.”

“ಅದು ಹಕ್ಕಿ ಅಲ್ಲ ಕಣಯ್ಯ ಪಟ್ಟಾಭಿ. ಮೇಲ್ಗಡೆ ವರ್ಕ್‌ಶಾಪಿಂದ ಯಾವನೋ ಕಾಟನ್ ವೇಸ್ಟ್ ಎಸೆದವ್ನೆ!”

ಯಂತ್ರದ ಎಣ್ಣೆ ಒರೆಸುವ ಹತ್ತಿಯ ನೂಲಿನ ಸಿಂಬೆಗೆ ಕಾಟನ್ ವೇಸ್ಟ್ ಎನ್ನುತ್ತಾರೆ. ಇಡೀ ಕ್ಯಾಂಟೀನು ನಕ್ಕಿತು. ಮಿಲಿಮೀಟರಿನ ನೂರರಲ್ಲೊಂದು ಪಾಲಿನ ವ್ಯತ್ಯಾಸ ಹಿಡಿಯುವ ಕಣ್ಣಿಗೆ ಹಕ್ಕಿಗೂ ನೂಲಿಗೂ ವ್ಯತ್ಯಾಸ ಗೊತ್ತಾಗಲಿಲ್ಲವೆಂದು ಎಲ್ಲರೂ ಒಪ್ಪಿಕೊಂಡರು. ಅಂದಿನಿಂದ ನಿವೃತ್ತಿಯ ದಿನದವರೆಗೆ ಅವರು ‘ಕಾಟನ್ ವೇಸ್ಟ್ ಪಟ್ಟಾಭಿ’. ಬೀಳ್ಕೊಡುಗೆಯ ಭಾಷಣದಲ್ಲೂ ನೀಲಪ್ಪ ಅದನ್ನು ಬಿಡಲಿಲ್ಲ. ಮನೆಯಲ್ಲಿ ಹೆಂಡತಿ ಅಮ್ಮಣ್ಣಿ ನಗಲಿಲ್ಲ. “ಇರಬಹುದು ಬಿಡಿ” ಎಂದರು. ಪಟ್ಟಾಭಿರಾಮರಿಗೆ ಕ್ಯಾಂಟೀನಿನ ನಗೆಗಿಂತ ಹೆಚ್ಚು ನೋವಾದದ್ದು ಆ ಸಮಾಧಾನದ ಮಾತಿನಿಂದ.

ಆದ್ದರಿಂದ ಅರವತ್ತು ತುಂಬಿ ಮನೆಗೆ ಬಂದ ಮೇಲೆ ಅವರಿಗೆ ಬೇಕಾಗಿದ್ದುದು ಒಂದೇ. ಆ ರಾಜಹಕ್ಕಿಯನ್ನು ಇನ್ನೊಂದು ಸಲ ನೋಡಬೇಕು, ನೋಡಿದ್ದನ್ನು ಹಿಡಿಯಬೇಕು, ಹಿಡಿದದ್ದನ್ನು ನೀಲಪ್ಪನ ಮೂಗಿನ ಮುಂದೆ ಇಡಬೇಕು. ಹಾತೊರೆತ ಎಂದರೆ ಅದು. ರಾತ್ರಿ ಊಟಕ್ಕೆ ಕೂತಾಗ ಫ್ಯಾನಿನ ಗಾಳಿಗೆ ಕ್ಯಾಲೆಂಡರಿನ ಹಾಳೆ ಬಳುಕಿದರೂ ಅವರ ತುತ್ತು ಅರ್ಧದಲ್ಲಿ ನಿಲ್ಲುತ್ತಿತ್ತು.

ವೈಟ್‌ಫೀಲ್ಡಿನಲ್ಲಿರುವ ಮಗಳು ಸಮೀಕ್ಷಾ ಕ್ಯಾಮೆರಾ ಕೊಡಿಸಿದಳು. ಅದಕ್ಕೆ ಮೊಣಕೈಯುದ್ದದ ಲೆನ್ಸು. ದೂರದ್ದೆಲ್ಲ ಹತ್ತಿರ ತೋರಿಸುವ ಆ ಲೆನ್ಸಿಗೆ ಹತ್ತಿರದ್ದನ್ನು ಕಂಡರೆ ಆಗದು. ಒಂಬತ್ತು ಅಡಿಗಿಂತ ಸಮೀಪ ಬಂದದ್ದೆಲ್ಲ ಅದಕ್ಕೆ ಮಸುಕು. ಪಟ್ಟಾಭಿರಾಮರು ಎಲೆಹಸಿರಿನ ಚಿತ್ತಾರದ ಅಂಗಿ ತೊಟ್ಟು ಟ್ರೈಪಾಡ್ ಹೊತ್ತು ದಿನಾ ಬೆಳಿಗ್ಗೆ ಕೆರೆ ಏರಿಗೆ ಹೊರಟರು. ಮೊದಲ ಹದಿನೈದು ದಿನ ಲೆನ್ಸಿನ ಮುಚ್ಚಳ ತೆಗೆಯದೆ ಕಾದರು. ಆಮೇಲೆ ಅದನ್ನು ತೆಗೆದು ಕಾದರು.

“ಇದು ತಾಳ್ಮೆಯ ಕೆಲಸ ಕಣೇ” ಎಂದು ಅವರು ಹೇಳಿದಾಗ ಅಮ್ಮಣ್ಣಿಗೆ ಆಶ್ಚರ್ಯವಾಯಿತು. “ಕುಕ್ಕರ್ ಮೂರು ಸಲ ಕೂಗೋವರೆಗೆ ಕಾಯಕ್ಕಾಗಲ್ಲ ನಿಮಗೆ. ಹೋಗಿ ಹೋಗಿ ಹಕ್ಕಿ ಕಾಯ್ತೀರಾ?” ಎಂದರು. ಆದರೂ ಡಬ್ಬಿಗೆ ನಿಪ್ಪಟ್ಟು ತುಂಬಿ ಕೊಟ್ಟರು.

ಅನರ್ಥಕ್ಕೆ ಮೂಲ ಆ ನಿಪ್ಪಟ್ಟು. ಪಟ್ಟಾಭಿರಾಮರು ಕಾಯುತ್ತಾ ತಿನ್ನುತ್ತಿದ್ದರು, ತಿನ್ನುತ್ತಾ ಉದುರಿಸುತ್ತಿದ್ದರು, ಉದುರಿದ್ದನ್ನು ಕಾಗೆಗಳು ಆರಿಸುತ್ತಿದ್ದವು. ಕಾಗೆ ಮುಖ ಮರೆಯುವ ಪ್ರಾಣಿಯಲ್ಲ. ವರ್ಷ ಕಳೆಯುವಷ್ಟರಲ್ಲಿ ಚಿಕ್ಕಬಾಣಾವರದಿಂದ ಪೀಣ್ಯದವರೆಗಿನ ಕಾಗೆ ಸಮಾಜಕ್ಕೆ ಅವರ ಬೋಳುತಲೆ ಪರಿಚಯವಾಗಿತ್ತು. ಅವರು ಟ್ರೈಪಾಡ್ ಬಿಡಿಸಿದ ಎರಡು ನಿಮಿಷದಲ್ಲಿ ಕಾಗೆ ಹಾಜರ್. ಮಿಂಚುಳ್ಳಿಗೆ ಗುರಿಯಿಟ್ಟರೆ ನಡುವೆ ಕಾಗೆ, ಬೆಳ್ಳಕ್ಕಿಗೆ ಗುರಿಯಿಟ್ಟರೆ ಮುಂದೆ ಕಾಗೆ. ಆರು ವರ್ಷದಲ್ಲಿ ಅವರು ತೆಗೆದ ನಾಲ್ಕು ಸಾವಿರ ಚಿತ್ರಗಳಲ್ಲಿ ಒಂದೋ ಕಾಗೆಯಿತ್ತು, ಇಲ್ಲವೇ ಹಕ್ಕಿ ಎದ್ದುಹೋದ ಕೊಂಬೆಯಿತ್ತು.

ಹೋದ ವರ್ಷ ಪಕ್ಕದ ಮನೆಯ ಶ್ರೀಕಾಂತನ ತಂದೆಯ ತಿಥಿ ಬಂತು. ಶ್ರೀಕಾಂತ ಯಾವುದೋ ಸಾಫ್ಟ್‌ವೇರ್ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರು, ಎಲ್ಲವೂ ಗಡಿಯಾರದ ಪ್ರಕಾರ ನಡೆಯಬೇಕೆನ್ನುವ ಮನುಷ್ಯ. ಮಂತ್ರ, ಹೋಮ, ಪಿಂಡ ಎಲ್ಲ ಹೊತ್ತಿಗೆ ಸರಿಯಾಗಿ ಮುಗಿಯಿತು. ಮಹಡಿಯ ಮೇಲೆ ಪಿಂಡವಿಟ್ಟರು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ, ಆಮೇಲೆ ಇದ್ದವರಿಗೆ ಊಟ. ಕಾಗೆ ಬರಲಿಲ್ಲ. ಒಂದೂವರೆಯಾಯಿತು, ಎರಡಾಯಿತು. ಪುರೋಹಿತರಿಗೆ ಯಶವಂತಪುರದಲ್ಲಿ ಇನ್ನೊಂದು ಮನೆ ಕಾದಿತ್ತು.

“ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಟ್ಟಿಸಿಬಿಡೋಣ” ಎಂದರು ಪುರೋಹಿತರು.

“ನಮ್ಮಪ್ಪ ಡೂಪ್ಲಿಕೇಟ್ ಒಪ್ಪೋರಲ್ಲ” ಎಂದ ಶ್ರೀಕಾಂತ.

ಅದೇ ಹೊತ್ತಿಗೆ ಪಟ್ಟಾಭಿರಾಮರು ಹೊಂಗೆ ಮರದಲ್ಲಿ ಏನೋ ಅಲುಗಿದಂತಾಗಿ, ಟ್ರೈಪಾಡ್ ಹಿಡಿದು ತಮ್ಮ ಮಹಡಿಗೆ ಬಂದರು. ಎಲ್ಲಿತ್ತೋ ಏನೋ, ಒಂದು ಕಾಗೆ ಅವರನ್ನು ನೋಡಿ ‘ಕಾ’ ಎಂದು ಇಳಿಯಿತು. ನಿಪ್ಪಟ್ಟಿನ ಡಬ್ಬಿ ಕಾಣದೆ ಪಕ್ಕದ ಮಹಡಿಯತ್ತ ಕತ್ತು ಹೊರಳಿಸಿ, ಪಿಂಡ ಕಂಡು ಅತ್ತ ಹಾರಿತು. ಅದರ ಹಿಂದೆ ಇನ್ನೂ ಮೂರು. ಹಸಿದ ಇಪ್ಪತ್ತೆಂಟು ನೆಂಟರು ಒಕ್ಕೊರಲಿನಿಂದ “ಬಂತು!” ಎಂದರು.

“ಅಂಕಲ್, ಅಲ್ಲೇ ನಿಂತಿರಿ! ಅಲ್ಲಾಡಬೇಡಿ!” ಎಂದು ಶ್ರೀಕಾಂತ ಕೈಮುಗಿದ. ಯಾರಿಗೆ ಮುಗಿದನೋ, ಕಾಗೆಗೋ ಇವರಿಗೋ ಸ್ಪಷ್ಟವಾಗಲಿಲ್ಲ. ಪುರೋಹಿತರು ಹೋಗುವಾಗ ಪಟ್ಟಾಭಿರಾಮರ ಫೋನ್ ನಂಬರು ಬರೆದುಕೊಂಡರು.

ಅಲ್ಲಿಂದ ಈ ಗ್ರಹಚಾರ ಹಿಡಿಯಿತು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಶ್ರೀಕಾಂತ ನಡೆದದ್ದನ್ನೆಲ್ಲ ಹಾಕಿದ. ಮರುವಾರ ಎರಡನೇ ಅಡ್ಡರಸ್ತೆಯವರು ಕರೆದರು, ಅದರ ಮರುವಾರ ಪೀಣ್ಯ ಎರಡನೇ ಹಂತದವರು ಕಾರು ಕಳಿಸಿದರು. ಹೋದಲ್ಲೆಲ್ಲ ಕಾಗೆ ಬಂತು. ಈ ವರ್ಷದ ಪಿತೃಪಕ್ಷದ ಹದಿನೈದು ದಿನಕ್ಕಂತೂ ಶ್ರೀಕಾಂತ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿ ಎಲ್ಲರಿಗೂ ಹಂಚಿದ. ಹನ್ನೊಂದು ಹತ್ತರಿಂದ ಹನ್ನೊಂದು ಇಪ್ಪತ್ತೈದು, ಮೂರನೇ ಅಡ್ಡರಸ್ತೆ, ಅಜ್ಜಿ. ಹನ್ನೊಂದೂವರೆಯಿಂದ ಮುಕ್ಕಾಲು, ರೈಲ್ವೆ ಸ್ಟೇಷನ್ ಹಿಂಭಾಗ, ಮಾವ. ಅತ್ತಿಬೆಲೆಯಿಂದ ಒಬ್ಬರು ಫೋನ್ ಮಾಡಿ, ‘ನೀವೇ ಬರಬೇಕೂಂತಿಲ್ಲ ಸಾರ್, ವಿಡಿಯೋ ಕಾಲಲ್ಲಿ ಮುಖ ತೋರಿಸಿದ್ರೂ ಸಾಕು’ ಎಂದರು.

ಪಟ್ಟಾಭಿರಾಮರು ಸುಮ್ಮನಿರಲಿಲ್ಲ. “ನೋಡಿ, ಇದರಲ್ಲಿ ಏನೂ ಮಹಿಮೆ ಇಲ್ಲ. ನಾನು ನಿಪ್ಪಟ್ಟು ಉದುರಿಸ್ತೀನಿ, ಅದಕ್ಕೆ ಬರ್ತವೆ” ಎಂದು ಪ್ರತಿ ಮಹಡಿಯಲ್ಲೂ ಸತ್ಯ ಹೇಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಎಷ್ಟು ವಿನಯ ನೋಡಿ! ನಿಜವಾದ ಸಿದ್ಧಿ ಇರೋರು ಹೀಗೇನೇ” ಎಂದರು. ಕೆಲವರು ನಿಪ್ಪಟ್ಟು ಮಾಡಿಸಿ ಅವರ ಕೈಯಿಂದ ಮುಟ್ಟಿಸಿ ಪ್ರಸಾದವಾಗಿ ಹಂಚಿದರು.

“ಮನೇಲಿ ಅಡುಗೆ ಮಾಡೋದೇ ಮರ್ತುಹೋಗ್ತಿದೆ ರೀ” ಎಂದರು ಅಮ್ಮಣ್ಣಿ. “ದಿನಾ ಯಾರದೋ ವಡೆ, ಯಾರದೋ ಪಾಯಸ. ನಿಮ್ಮ ಆ ಹಕ್ಕಿ ಏನಾಯ್ತು?”

ಆ ಹಕ್ಕಿ ಕಾರ್ಖಾನೆಯ ಒಳಗಿತ್ತು. ಹಾಗೆಂದು ಪಟ್ಟಾಭಿರಾಮರ ದೃಢವಾದ ನಂಬಿಕೆ. ಕಾರ್ಖಾನೆ ಮುಚ್ಚಿ ಐದು ವರ್ಷವಾಗಿ ಕ್ವಾರ್ಟರ್ಸಿನಲ್ಲಿ ಕಾಡು ಬೆಳೆದಿತ್ತು. ಚಳಿಗಾಲ ಕಳೆಯಲು ಬರುವ ರಾಜಹಕ್ಕಿಗೆ ಆ ಬಿದಿರಿಗಿಂತ ಒಳ್ಳೆಯ ಜಾಗ ಈ ಕಡೆ ಎಲ್ಲೂ ಇರಲಿಲ್ಲ. ಆದರೆ ಗೇಟಿಗೆ ಬೀಗ, ಬೀಗಕ್ಕೆ ಕಾವಲು, ಕಾವಲಿಗೆ ಮೇಲೊಬ್ಬ ಅಧಿಕಾರಿ. ವಿಶ್ವನಾಥ್ ಎಂಬ ಆ ಅಧಿಕಾರಿ ಎರಡು ವರ್ಷದಿಂದ ಪಟ್ಟಾಭಿರಾಮರ ಅರ್ಜಿಗಳನ್ನು ಓದಿ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಹಕ್ಕಿ ನೋಡೋದಕ್ಕೆ ಪರ್ಮಿಷನ್ ಕೊಡೋ ಕಾಲಮ್ಮೇ ನಮ್ಮ ಫಾರಮ್ಮಲ್ಲಿ ಇಲ್ವಲ್ರೀ?”

ಪಿತೃಪಕ್ಷದ ಹನ್ನೊಂದನೆಯ ದಿನ ವಿಶ್ವನಾಥರ ಜೀಪು ಮನೆಯ ಮುಂದೆ ನಿಂತಿತು. ಅವರ ತಾಯಿಯ ತಿಥಿ. ಪಟ್ಟಾಭಿರಾಮರು ಹೋದರು, ನಿಂತರು, ಕಾಗೆ ಬಂತು. ವಿಶ್ವನಾಥರು ಕಣ್ಣೊರೆಸಿಕೊಂಡು ಅಲ್ಲೇ ಮಹಡಿಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದರು. “ತಪಾಸಣೆ ಅಂತ ಬರ್ದಿದೀನಿ. ಅಮಾವಾಸ್ಯೆ ದಿನ ಬೆಳಿಗ್ಗೆ ಆರರಿಂದ ಹನ್ನೆರಡು. ಅದಾದ್ಮೇಲೆ ನನ್ನ ಕೈಲಿಲ್ಲ ಪಟ್ಟಾಭಿರಾಮ್. ಜಾಗ ಮಾರಾಟ ಆಗಿದೆ. ಮಾರನೇ ದಿನ ಮರ ಕಡಿಯೋರು ಬರ್ತಾರೆ.”

ಪಟ್ಟಾಭಿರಾಮರು ಆ ಕಾಗದವನ್ನು ಶಾಲೆಯ ಮಕ್ಕಳು ನವಿಲುಗರಿ ಇಟ್ಟುಕೊಳ್ಳುವ ಹಾಗೆ ಪುಸ್ತಕದೊಳಗೆ ಇಟ್ಟುಕೊಂಡರು. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಜೀವಮಾನದ ಅತಿ ಧೈರ್ಯದ ಸಂದೇಶ ಹಾಕಿದರು: ‘ಮಹಾಲಯ ಅಮಾವಾಸ್ಯೆಯಂದು ನಾನು ಸಿಗುವುದಿಲ್ಲ.’

ಗುಂಪು ಹೊತ್ತಿಕೊಂಡು ಉರಿಯಿತು. ವರ್ಷಕ್ಕೊಂದೇ ಅಮಾವಾಸ್ಯೆ, ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ದಿನ, ಅವತ್ತೇ ರಜಾ ಅಂದರೆ? ‘ನೀರು ಬಿಡುವವನು ಯುಗಾದಿಯ ದಿನ ರಜಾ ಹಾಕಿದಂತಾಯಿತು’ ಎಂದು ಒಬ್ಬರು ಬರೆದರು. ‘ದೊಡ್ಡವರಾಗಿಬಿಟ್ಟರು’ ಎಂದು ಇನ್ನೊಬ್ಬರು. ಶ್ರೀಕಾಂತ ಬದಲಿ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿದ. ಪಟ್ಟಾಭಿರಾಮರು ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದರು.

ಅಮಾವಾಸ್ಯೆಯ ಬೆಳಿಗ್ಗೆ ಆರಕ್ಕೆ ಗೇಟು ತೆರೆಯಿತು. ನಿಪ್ಪಟ್ಟು ಬೇಕೆಂದೇ ತಂದಿರಲಿಲ್ಲ, ತಲೆಗೆ ಟೋಪಿ ಹಾಕಿದ್ದರು. ಕಾಗೆಗಳಿಗೆ ಗುರುತು ಸಿಗಲಿಲ್ಲ. ಬಿದಿರಿನ ಎದುರು ಹನ್ನೆರಡು ಅಡಿ ದೂರದಲ್ಲಿ, ಹಾಳುಬಿದ್ದ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವರು ಕೂತರು. ಹಳೆಯ ತಪಾಸಣೆ ಶೆಡ್ಡಿನ ಕಿಟಕಿ ಎಡಗಡೆಗೇ ಇತ್ತು, ಗಾಜಿಲ್ಲದೆ. ಏಳಾಯಿತು, ಎಂಟಾಯಿತು. ಕಾಲು ಜೋಮು ಹಿಡಿಯಿತು, ಬಿಡಿಸಿಕೊಳ್ಳಲಿಲ್ಲ. ಸೊಳ್ಳೆ ಕಚ್ಚಿತು, ಹೊಡೆಯಲಿಲ್ಲ. ಒಂಬತ್ತು, ಹತ್ತು. ಮೂವತ್ತೊಂದು ವರ್ಷ ಕಾದವರಿಗೆ ನಾಲ್ಕು ಗಂಟೆ ದೊಡ್ಡದಲ್ಲ ಎಂದು ನಾವು ಹೇಳಬಹುದು. ಆದರೆ ಆ ನಾಲ್ಕು ಗಂಟೆಯೇ ಅವರಿಗೆ ಉದ್ದವಾಗಿತ್ತು.

ಹತ್ತೂವರೆಗೆ ಮೆಳೆಯ ಒಳಗಿಂದ ಒರಟಾದ ಒಂದು ಕೂಗು ಬಂತು. ಮಗಳು ಸಮೀಕ್ಷಾ ಫೋನಿಗೆ ಕಳಿಸಿದ್ದ ಆ ಕೂಗನ್ನು ಅವರು ನೂರು ಸಲ ಕೇಳಿದ್ದರು. ಬಿದಿರೆಲೆಯ ನಡುವೆ ಬಿಳಿಯದೊಂದು ಅಲುಗಿ ಮರೆಯಾಯಿತು. ಪಟ್ಟಾಭಿರಾಮರು ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿದರು. ಬೆರಳು ಗುಂಡಿಯ ಮೇಲಿತ್ತು. ಇದೆ, ಇಲ್ಲೇ ಇದೆ, ಇನ್ನೊಂದು ಕೊಂಬೆ ಈಚೆಗೆ ಬಂದರೆ ಸಾಕು.

“ಪಟ್ಟಾಭೀ!”

ಗೇಟಿನ ಕಡೆಯಿಂದ ನೀಲಪ್ಪ ಬರುತ್ತಿದ್ದ. ಒದ್ದೆ ತಲೆ, ಮಡಿ ಪಂಚೆ, ಹೆಗಲ ಮೇಲೆ ಟವೆಲು. ಹಿಂದೆ ಕಾವಲಿನವನು ಏನು ಮಾಡಲಿ ಎಂಬಂತೆ ಕೈಯಾಡಿಸುತ್ತಿದ್ದ. ಬಿದಿರಿನೊಳಗೆ ಎಲ್ಲ ಸದ್ದೂ ಅಡಗಿತು.

“ನಿಮ್ಮನೇಲಿ ಕೇಳ್ದೆ, ಕಾರ್ಖಾನೇಲವ್ನೆ ಅಂದ್ರು” ಎಂದು ನೀಲಪ್ಪ ಏದುಸಿರು ಬಿಟ್ಟ. “ದೇವಕ್ಕಂಗೆ ಎಡೆ ಇಟ್ಟಿವ್ನಿ ಕಣಯ್ಯ. ಒಂಬತ್ ಗಂಟೆಯಿಂದ. ಒಂದ್ ಕಾಗೆನೂ ಬರ್ತಿಲ್ಲ.”

ದೇವಕ್ಕ ಅವನ ಹೆಂಡತಿ. ತೀರಿಕೊಂಡು ಒಂದೂಕಾಲು ವರ್ಷವಾಗಿತ್ತು. ವರ್ಷ ತುಂಬಿದ ಮೇಲೆ ಅವಳಿಗೆ ಇಡುವ ಮೊದಲ ಅಮಾವಾಸ್ಯೆ ಎಡೆ ಇದು.

“ನೀಲಪ್ಪ, ಇವತ್ತು ಒಂದು ದಿನ...” ಎಂದರು ಪಟ್ಟಾಭಿರಾಮರು. “ಹನ್ನೆರಡು ಗಂಟೆ ಆಗಲಿ, ಆಮೇಲೆ ಬರ್ತೀನಿ.”

“ಅಂಗಲ್ಲ ಕಣೋ.” ನೀಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. “ಅಡುಗೆ ನಾನೇ ಮಾಡಿವ್ನಿ. ಸೊಸೆ ಮಾಡ್ತೀನಿ ಅಂದ್ಲು, ಬ್ಯಾಡ ಅಂದೆ. ಮೂವತ್ತೆಂಟ್ ವರ್ಷ ಅವಳ ಕೈಲಿ ತಿಂದೆ. ಒಂದ್ ದಿನಾನೂ ಚೆನ್ನಾಗೈತೆ ಅನ್ಲಿಲ್ಲ. ಉಪ್ಪು ಜಾಸ್ತಿ, ಉಪ್ಪು ಕಮ್ಮಿ, ಇದೇ ಆಯ್ತು. ಇವತ್ತು ನಾನ್ ಮಾಡಿದ್ದನ್ನ ಅವಳು ಮುಟ್ತಿಲ್ಲ. ಎಂಗೆ ಮುಟ್ತಾಳೆ ಏಳು?”

ಆ ಕ್ಷಣ ಪಟ್ಟಾಭಿರಾಮರ ಮನಸ್ಸಿನಲ್ಲಿ ಏನು ನಡೆಯಿತೆಂದು ನಾನು ಹೇಳಲಾರೆ. ಕೈ ಮಾತ್ರ ಟ್ರೈಪಾಡಿನ ಕಾಲು ಮಡಚುತ್ತಿತ್ತು. ಮಡಚುತ್ತಾ ಮೂರು ಸಲ ಬಿದಿರಿನ ಕಡೆ ತಿರುಗಿ ನೋಡಿದರು. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಕಾಗೆ ಬರಲು ಎರಡು ನಿಮಿಷ. ಹನ್ನೊಂದೂಕಾಲಿಗೆ ವಾಪಸು ಬರಬಹುದು. ಕೊನೆಯುಸಿರೆಳೆಯುತ್ತಿರುವ ಆಸೆಗೂ ಮನುಷ್ಯ ಹೀಗೆ ಲೆಕ್ಕ ಹಾಕುತ್ತಾನೆ.

ನೀಲಪ್ಪನ ಮಹಡಿಯಲ್ಲಿ ಹದಿನೆಂಟು ಜನ ನೆಂಟರಿದ್ದರು. ನಡುವೆ ಬಾಳೆಯೆಲೆಯಲ್ಲಿ ಅನ್ನ, ಅವರೆಕಾಳು ಹುಳಿ, ಕಜ್ಜಾಯ, ಶ್ಯಾವಿಗೆ ಪಾಯಸ. ಪಾಯಸದ ಮೇಲೆ ನೊಣಗಳು. ದೇವಕ್ಕನ ತಂಗಿ ಶಿವಲಿಂಗಮ್ಮ ಎಡೆಯ ಮುಂದೆ ನಿಂತು ಎಲ್ಲರಿಂದಲೂ ಮಾತು ಕೊಡಿಸುತ್ತಿದ್ದರು. ಹೋದವರ ಮನಸ್ಸಿನಲ್ಲಿ ಏನೋ ಕೊರಗಿದ್ದರೆ ಕಾಗೆ ಮುಟ್ಟುವುದಿಲ್ಲವಂತೆ. ಮಗ “ಇನ್ಮೇಲೆ ಹೆಲ್ಮೆಟ್ ಹಾಕ್ಕೊಂಡೇ ಹೋಗ್ತೀನಿ ಕಣವ್ವ” ಎಂದ. ಸೊಸೆ “ನೀವು ಬೆಳೆಸಿದ ಕರಿಬೇವಿನ ಗಿಡಕ್ಕೆ ದಿನಾ ನೀರು ಹಾಕ್ತೀನಿ ಅತ್ತೆ” ಎಂದಳು. ದೂರದ ನೆಂಟರೊಬ್ಬರು ತಾವು ಇಸ್ಪೀಟು ಬಿಡುವುದಾಗಿ ಹೇಳಿ, ಹೇಳಿದ ಕೂಡಲೇ ಪೆಚ್ಚಾದರು.

ಪಟ್ಟಾಭಿರಾಮರು ಟೋಪಿ ತೆಗೆದು, ಬೋಳುತಲೆ ಬಿಸಿಲಿಗೆ ಒಡ್ಡಿ, ಕ್ಯಾಮೆರಾ ಕತ್ತಿಗೆ ನೇತುಹಾಕಿಕೊಂಡು ನಿಂತರು. ಎರಡು ನಿಮಿಷವಾಯಿತು, ಐದಾಯಿತು, ಹದಿನೈದಾಯಿತು. ಕಾಗೆಯ ಸುಳಿವಿಲ್ಲ. ಇದು ಹಿಂದೆಂದೂ ಆದದ್ದಲ್ಲ. ಕಾರಣ ಸರಳವಾಗಿತ್ತು. ಊರಿನ ಪ್ರತಿ ಮಹಡಿಯಲ್ಲೂ ಅಂದು ಎಡೆಯಿತ್ತು. ಬೆಳಗಿನಿಂದ ವಡೆ ತಿಂದು ತಿಂದು ಕಾಗೆಗಳಿಗೆ ಹಾರಲಿಕ್ಕೂ ಆಗುತ್ತಿರಲಿಲ್ಲ. ಆದರೆ ನೆಂಟರು ಪಟ್ಟಾಭಿರಾಮರನ್ನು ರಿಪೇರಿಗೆ ಕರೆಸಿದ ಮೋಟಾರು ಮೆಕ್ಯಾನಿಕ್ಕನ್ನು ನೋಡುವಂತೆ ನೋಡತೊಡಗಿದರು.

“ಇವ್ರ್ದು ಪವರ್ ಮುಗೀತೇನೋ” ಎಂದು ಇಸ್ಪೀಟಿನವರು ಪಿಸುಗುಟ್ಟಿದರು.

“ಎಲ್ಲಾ ಕಣ್ ಮುಚ್ಕಳಿ!” ಎಂದು ಶಿವಲಿಂಗಮ್ಮ ಅಪ್ಪಣೆ ಮಾಡಿದರು. “ಇಷ್ಟ್ ಜನ ಗುರಾಯಿಸ್ತಾ ನಿಂತ್ರೆ ಯಾವ ಕಾಗೆ ಬಂದಾತು? ಕೈ ಮುಗ್ದು ಅಕ್ಕನ್ನ ನೆನೀರಿ. ನಾನ್ ಹೇಳೋಗಂಟ ಯಾರೂ ಬಿಡಬ್ಯಾಡಿ.”

ಹದಿನೆಂಟು ಜೊತೆ ಕಣ್ಣು ಮುಚ್ಚಿಕೊಂಡವು. ಎಲ್ಲರಿಗಿಂತ ಬಿಗಿಯಾಗಿ ಮುಚ್ಚಿದವನು ನೀಲಪ್ಪ. ಅವನ ತುಟಿ ಅಲುಗುತ್ತಿತ್ತು.

ಆಗ ಪಕ್ಕದ ಸೈಟಿನ ನುಗ್ಗೆ ಮರದಿಂದ ಬಿಳಿಯದೊಂದು ಬಂತು. ಪಾಯಸದ ಮೇಲಿನ ನೊಣವೊಂದನ್ನು ಗಾಳಿಯಲ್ಲೇ ಎತ್ತಿಕೊಂಡು, ಬಟ್ಟೆ ಒಣಗಿಸುವ ತಂತಿಯ ಮೇಲೆ ಕೂತಿತು. ಕಪ್ಪು ತಲೆ, ಜುಟ್ಟು, ಕಣ್ಣಿನ ಸುತ್ತ ನೀಲಿ ಉಂಗುರ. ತಂತಿಯಿಂದ ಕೆಳಗೆ ಎರಡು ಬಿಳಿ ಪಟ್ಟಿಗಳು ಮೊಳದುದ್ದ ಇಳಿಬಿದ್ದು ಗಾಳಿಗೆ ಬಳುಕುತ್ತಿದ್ದವು. ಪಟ್ಟಾಭಿರಾಮರಿಂದ ಐದು ಅಡಿ.

ನೀಲಪ್ಪನನ್ನು ಕೂಗಬೇಕು. ಬಾಯಿ ತೆರೆದರು. ಕೂಗಿದರೆ ಹಕ್ಕಿ ಹೋಗುತ್ತದೆ. ಬಾಯಿ ಮುಚ್ಚಿದರು. ಲೆನ್ಸು ಎತ್ತಿ ನೋಡಿದರೆ ಮಸುಕು, ಬರೀ ಮಸುಕು. ಒಂದು ಹೆಜ್ಜೆ ಹಿಂದಿಟ್ಟರು. ಹಕ್ಕಿ ಇನ್ನೊಂದು ನೊಣ ಹಿಡಿದು ಅಲ್ಲೇ ಬಂದು ಕೂತಿತು. ಇನ್ನೊಂದು ಹೆಜ್ಜೆ. ಇಸ್ಪೀಟಿನವರ ಕಾಲು ತುಳಿದರು. ಅವರು “ಅಯ್ಯೋ ಅಕ್ಕಾ” ಎಂದರೂ ಕಣ್ಣು ಬಿಡಲಿಲ್ಲ, ಭಕ್ತಿಯೆಂದೇ ಎಲ್ಲರೂ ತಿಳಿದರು. ಏಳು ಅಡಿ, ಎಂಟು. ಬೆನ್ನಿಗೆ ನೀರಿನ ಟ್ಯಾಂಕು ತಗುಲಿತು. ಇನ್ನು ಹಿಂದೆ ಜಾಗವಿಲ್ಲ. ಅರವತ್ತಾರರ ಪಟ್ಟಾಭಿರಾಮರು ಟ್ಯಾಂಕಿಗೆ ಬೆನ್ನು ಒತ್ತಿ, ಹಿಂದಕ್ಕೆ ಬಾಗಿ, ಉಸಿರು ಬಿಗಿಹಿಡಿದರು. ಮಸುಕು ಕರಗಿತು. ಜುಟ್ಟಿನ ಒಂದೊಂದು ಎಳೆಯೂ ಕಂಡಿತು. ಹಕ್ಕಿ ನೇರವಾಗಿ ಅವರನ್ನೇ ನೋಡುತ್ತಿತ್ತು.

ಬೆರಳು ಒತ್ತಿತು. ಅದೇ ಗಳಿಗೆಗೆ ಆಕಾಶದಿಂದ ಕಪ್ಪನೆಯ ರೆಕ್ಕೆಯೊಂದು ತಂತಿಯ ಪಕ್ಕದಲ್ಲೇ ಇಳಿದು ಲೆನ್ಸಿನ ತುಂಬ ಬಿಚ್ಚಿಕೊಂಡಿತು.

“ಕಾ!”

“ಬಂದ್ಲು!” ಎಂದು ನೀಲಪ್ಪ ಕಿರುಚಿದ. ಎಲ್ಲರೂ ಕಣ್ಣು ಬಿಟ್ಟರು. ತಂತಿ ಬರಿದಾಗಿ ತೂಗುತ್ತಿತ್ತು. ಎಡೆಯ ಮೇಲೆ ಕಾಗೆ ಕೂತು ಅವರೆಕಾಳು ಹೆಕ್ಕುತ್ತಿತ್ತು. ಶಿವಲಿಂಗಮ್ಮ ಗಟ್ಟಿಯಾಗಿ ಅತ್ತರು, ಮಗ ಅತ್ತ, ಇಸ್ಪೀಟಿನವರೂ ಕಾಲು ಹಿಡಿದುಕೊಂಡು ಅತ್ತರು. ಪಟ್ಟಾಭಿರಾಮರ ಕಣ್ಣಿನಿಂದಲೂ ಧಾರೆ ಇಳಿಯುತ್ತಿತ್ತು. ನೀಲಪ್ಪ ಬಂದು ಅವರನ್ನು ಬಿಗಿದಪ್ಪಿಕೊಂಡ.

“ನಮ್ಮ ದೇವಕ್ಕಂಗೆ ನೀನೂ ಅಳ್ತಿದೀಯಲ್ಲೋ ಪಟ್ಟಾಭಿ!” ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ತಿಂತಾವಳಾ? ಉಪ್ಪು ಸರಿಯಾಗೈತಾ?” ಎಂದು ಕೇಳಿದ.

ಪಟ್ಟಾಭಿರಾಮರು ನುಗ್ಗೆ ಮರದ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಇವನಿಗೆ ಹೇಳಬೇಕೆಂದಿದ್ದ ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, “ಪೂರ್ತಿ ತಿಂತಿದಾರೆ ನೋಡು. ಉಪ್ಪು ಸರಿಯಾಗಿರಬೇಕು” ಎಂದರು.

ಊಟ ಮಾಡಿಸದೆ ನೀಲಪ್ಪ ಬಿಡಲಿಲ್ಲ. ಎರಡು ಸಲ ಪಾಯಸ ಬಡಿಸಿದರು. ಅವರು ಕಾರ್ಖಾನೆಯ ಗೇಟಿಗೆ ವಾಪಸು ಬಂದಾಗ ಹನ್ನೆರಡೂವರೆ. ಕಾವಲಿನವನು ಬೀಗ ತೋರಿಸಿದ.

ಸಂಜೆ ದೀಪ ಹಚ್ಚಿದ ಮೇಲೆ ಪಟ್ಟಾಭಿರಾಮರು ನಡುಮನೆಯಲ್ಲಿ ಕೂತಿದ್ದರು. ಅಮ್ಮಣ್ಣಿ ಕಾಫಿ ತಂದಿಟ್ಟು, ಪಕ್ಕದಲ್ಲಿದ್ದ ಕ್ಯಾಮೆರಾ ಎತ್ತಿಕೊಂಡರು. ನೀಲಪ್ಪ ಆಗಲೇ ಫೋನ್ ಮಾಡಿದ್ದ. ಕಾಗೆಯ ಫೋಟೋ ಇದ್ದರೆ ಕೊಡಬೇಕು, ದೇವಕ್ಕನ ಫೋಟೋದ ಪಕ್ಕದಲ್ಲಿ ಕಟ್ಟು ಹಾಕಿಸುತ್ತಾನಂತೆ. ಅಮ್ಮಣ್ಣಿ ಕನ್ನಡಕ ಏರಿಸಿಕೊಂಡು ಕ್ಯಾಮೆರಾದ ಪುಟ್ಟ ಪರದೆ ನೋಡಿದರು. ಕಾಗೆಯ ರೆಕ್ಕೆ, ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಆರು ವರ್ಷದಲ್ಲಿ ಅವರು ತೆಗೆದ ಅತ್ಯುತ್ತಮ ಚಿತ್ರ ಅದೇ. ರೆಕ್ಕೆಯ ಅಂಚಿನಾಚೆ, ಚಿತ್ರದ ಬಲಮೂಲೆಯಲ್ಲಿ, ಹೊರಟುಹೋಗುತ್ತಿದ್ದ ಒಂದು ಗೇಣು ಬಿಳಿ ಪಟ್ಟಿ.

ಅಮ್ಮಣ್ಣಿ ಬಹಳ ಹೊತ್ತು ಆ ಮೂಲೆಯನ್ನು ನೋಡಿದರು. ಗುಂಡಿ ಒತ್ತಿ ದೊಡ್ಡದು ಮಾಡಿ ನೋಡಿದರು. ಆಮೇಲೆ ಬಂದು ಗಂಡನ ಪಕ್ಕ ಕೂತರು.

“ಇದು ಅದರ ಬಾಲಾನಾ ರೀ?”

“ಹೂಂ.”

“ತುದಿಯೊಂದೇ ಇಷ್ಟು ಚೆನ್ನಾಗಿದೆಯಲ್ಲಾ. ಪೂರ್ತಿ ಹಕ್ಕಿ ಹೇಗಿರತ್ತೆ ಹೇಳಿ?”

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಕೇಳಿದರೆ ಕೊಡಲೆಂದು ಎಷ್ಟೋ ಉತ್ತರಗಳನ್ನು ಅವರು ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದರು. ಈಗ ಅವನ್ನೆಲ್ಲ ಬಿಟ್ಟು ಕೈಯೆತ್ತಿ ಗಾಳಿಯಲ್ಲಿ ಏನೋ ತೋರಿಸಲು ಹೋಗಿ, ಸರಿಯಾಗಲಿಲ್ಲವೆಂದು ಇಳಿಸಿದರು. ಕಾಫಿ ಆರುತ್ತಿತ್ತು. ಅಮ್ಮಣ್ಣಿ ಅವಸರ ಮಾಡಲಿಲ್ಲ. ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು, ಅವರ ಮುಖವನ್ನೇ ನೋಡುತ್ತಾ ಕಾಯತೊಡಗಿದರು.